ಮೂವತ್ತಾರನೆಯ ಸುತ್ತಿನ ಖಾಲಿ ಚೀಟಿ: 1801ರ ಅಮೆರಿಕದ ಅಧಿಕಾರ ಹಸ್ತಾಂತರ, ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

1801ರ ಫೆಬ್ರುವರಿ 11ರಿಂದ 17ರವರೆಗೆ ವಾಷಿಂಗ್‌ಟನ್ನಿನಲ್ಲಿ ನಡೆದುದನ್ನು ಸಾಮಾನ್ಯವಾಗಿ ಥಾಮಸ್ ಜೆಫರ್ಸನ್ ಮತ್ತು ಏರನ್ ಬರ್ ಎಂಬ ಇಬ್ಬರು ನಾಯಕರು ಅಧ್ಯಕ್ಷ ಪದವಿಗಾಗಿ ನಡೆಸಿದ ಪೈಪೋಟಿಯೆಂದು ಹೇಳಿ ಮುಗಿಸುತ್ತಾರೆ. ಈ ಅಧ್ಯಯನವು ಅದೇ ಘಟನೆಯನ್ನು ಇನ್ನೊಬ್ಬರ ಆಸನದಿಂದ ನೋಡುತ್ತದೆ. ಅವರು ಸೋತ ಪಕ್ಷದವರು; ಜನಸಂಖ್ಯೆಯಲ್ಲಿ ಅತಿ ಚಿಕ್ಕದಾಗಿದ್ದ ಡೆಲವೇರ್ ರಾಜ್ಯದಿಂದ ಪ್ರತಿನಿಧಿ ಸಭೆಗೆ ಆಯ್ಕೆಯಾಗಿದ್ದ ಏಕೈಕ ಸದಸ್ಯರು; ಆ ಕಾರಣಕ್ಕೇ ಒಂದು ಇಡೀ ರಾಜ್ಯದ ಮತವನ್ನು ಯಾರನ್ನೂ ಕೇಳದೆ ಚಲಾಯಿಸಬಲ್ಲವರಾಗಿದ್ದರು. ಅಧ್ಯಕ್ಷ ಪದವಿಯ ಸುತ್ತ ಇದ್ದ ಪ್ರಮುಖರನ್ನು ಹೆಸರಿನಿಂದಲೇ ಕರೆದಿದ್ದೇನೆ. ಆದರೆ ಸಭೆಯ ಸದಸ್ಯರನ್ನು ಮತ್ತು ರಾಜ್ಯಗಳ ಗವರ್ನರುಗಳನ್ನು ಅವರವರ ಸ್ಥಾನದಿಂದಷ್ಟೇ ಗುರುತಿಸಿದ್ದೇನೆ. ಅವರು ಯಾರೆಂಬುದಕ್ಕಿಂತ, ಆ ಸ್ಥಾನದಲ್ಲಿ ಕುಳಿತವರ ಮುಂದೆ ಯಾವ ದಾರಿಗಳು ತೆರೆದಿದ್ದವು, ಅವುಗಳಲ್ಲಿ ಯಾವುದನ್ನು ಅವರು ಏಕೆ ಬಿಟ್ಟರು ಎಂಬುದು ಇಲ್ಲಿ ಮುಖ್ಯ.

1787ರಲ್ಲಿ ಫಿಲಡೆಲ್ಫಿಯದಲ್ಲಿ ರೂಪುಗೊಂಡ ಸಂವಿಧಾನದ ಪ್ರಕಾರ ಪ್ರತಿಯೊಂದು ರಾಜ್ಯವೂ ಚುನಾಯಕರನ್ನು ನೇಮಿಸಬೇಕಿತ್ತು. ಪ್ರತಿಯೊಬ್ಬ ಚುನಾಯಕನೂ ಇಬ್ಬರು ವ್ಯಕ್ತಿಗಳಿಗೆ ಮತ ಕೊಡಬೇಕಿತ್ತು. ಅವರಲ್ಲಿ ಒಬ್ಬರಾದರೂ ಬೇರೆ ರಾಜ್ಯದವರಾಗಿರಬೇಕಿತ್ತು. ಆದರೆ ಯಾರು ಅಧ್ಯಕ್ಷರಾಗಲಿ, ಯಾರು ಉಪಾಧ್ಯಕ್ಷರಾಗಲಿ ಎಂದು ಚೀಟಿಯಲ್ಲಿ ಸೂಚಿಸಲು ಅವಕಾಶವೇ ಇರಲಿಲ್ಲ. ಬಹುಮತದೊಂದಿಗೆ ಅತಿ ಹೆಚ್ಚು ಮತ ಪಡೆದವರು ಅಧ್ಯಕ್ಷರು, ಎರಡನೆಯವರು ಉಪಾಧ್ಯಕ್ಷರು. ಇಬ್ಬರಿಗೆ ಬಹುಮತ ಬಂದು ಮತಗಳು ಸಮವಾದರೆ ಪ್ರತಿನಿಧಿ ಸಭೆ ಅವರಲ್ಲಿ ಒಬ್ಬರನ್ನು ಆರಿಸಬೇಕು. ಆ ಆಯ್ಕೆಯಲ್ಲಿ ಸದಸ್ಯರ ತಲೆ ಎಣಿಸುವುದಿಲ್ಲ. ಒಂದು ರಾಜ್ಯಕ್ಕೆ ಒಂದೇ ಮತ. ಹತ್ತೊಂಬತ್ತು ಸದಸ್ಯರಿದ್ದ ವರ್ಜೀನಿಯಕ್ಕೂ ಒಂದು, ಒಬ್ಬರೇ ಇದ್ದ ಡೆಲವೇರ್‌ಗೂ ಒಂದು.

ಈ ನಿಯಮವನ್ನು ಬರೆದವರು ರಾಜಕೀಯ ಪಕ್ಷಗಳಿಲ್ಲದ ಗಣರಾಜ್ಯವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಜಾರ್ಜ್ ವಾಷಿಂಗ್‌ಟನ್ ಅಧಿಕಾರದಲ್ಲಿದ್ದಾಗಲೇ ಆ ಕಲ್ಪನೆ ಕುಸಿಯಿತು. ಬಲವಾದ ಕೇಂದ್ರ ಸರ್ಕಾರ, ರಾಷ್ಟ್ರೀಯ ಬ್ಯಾಂಕು, ಸಾರ್ವಜನಿಕ ಸಾಲದ ವ್ಯವಸ್ಥೆ ಮತ್ತು ನೌಕಾಬಲವನ್ನು ಬಯಸಿದ ಫೆಡರಲಿಸ್ಟರು ಒಂದು ಕಡೆಯಾದರೆ, ರಾಜ್ಯಗಳ ಅಧಿಕಾರವನ್ನೂ ಕೃಷಿಕ ಸಮಾಜವನ್ನೂ ಎತ್ತಿಹಿಡಿದ ಜೆಫರ್ಸನ್ ಅವರ ರಿಪಬ್ಲಿಕನ್ನರು ಇನ್ನೊಂದು ಕಡೆಯಾದರು. ಇಂದು ಅದೇ ಹೆಸರಿನಲ್ಲಿರುವ ಪಕ್ಷಕ್ಕೂ ಇವರಿಗೂ ನೇರ ಸಂಬಂಧವಿಲ್ಲ. 1796ರಲ್ಲಿ ಫೆಡರಲಿಸ್ಟ್ ಜಾನ್ ಆಡಮ್ಸ್ 71 ಮತಗಳೊಂದಿಗೆ ಅಧ್ಯಕ್ಷರಾದಾಗ, 68 ಮತ ಪಡೆದ ಅವರ ಎದುರಾಳಿ ಜೆಫರ್ಸನ್ ಉಪಾಧ್ಯಕ್ಷರಾದರು. ನಿಯಮದಲ್ಲಿ ಬಿರುಕಿರುವುದು ಆಗಲೇ ಎಲ್ಲರಿಗೂ ಕಂಡಿತ್ತು, ಆದರೆ ಮುಂದಿನ ಚುನಾವಣೆಯೊಳಗೆ ಅದನ್ನು ಮುಚ್ಚುವ ಕೆಲಸ ಆಗಲಿಲ್ಲ.

ನಂತರದ ನಾಲ್ಕು ವರ್ಷಗಳಲ್ಲಿ ಎರಡು ಬಣಗಳ ನಡುವಿನ ಅಪನಂಬಿಕೆ ಭಯದ ಮಟ್ಟಕ್ಕೆ ಏರಿತು. ಫ್ರಾನ್ಸಿನೊಂದಿಗೆ ಘೋಷಣೆಯಿಲ್ಲದ ನೌಕಾಯುದ್ಧ ನಡೆದಿದ್ದ ಹೊತ್ತಿನಲ್ಲಿ, 1798ರಲ್ಲಿ, ಫೆಡರಲಿಸ್ಟರು ರಾಜದ್ರೋಹ ಕಾಯ್ದೆಯನ್ನು ತಂದು ಸರ್ಕಾರವನ್ನು ಟೀಕಿಸಿದ ರಿಪಬ್ಲಿಕನ್ ಸಂಪಾದಕರನ್ನು ಶಿಕ್ಷೆಗೆ ಗುರಿಪಡಿಸಿದರು. ವರ್ಮಾಂಟಿನ ಪ್ರತಿನಿಧಿಯೊಬ್ಬರು ಇದೇ ಕಾಯ್ದೆಯಡಿ ಜೈಲು ಸೇರಿ, ಜೈಲಿನಲ್ಲಿದ್ದುಕೊಂಡೇ ಮರುಆಯ್ಕೆಯಾದರು. ಅದಕ್ಕೆ ಉತ್ತರವಾಗಿ ಕೆಂಟಕಿ ಮತ್ತು ವರ್ಜೀನಿಯ ರಾಜ್ಯಗಳ ಶಾಸನಸಭೆಗಳು ಆ ಕಾಯ್ದೆಯು ಸಂವಿಧಾನಬಾಹಿರವೆಂದು ನಿರ್ಣಯ ಮಾಡಿದವು. ಒಂದು ಬಣಕ್ಕೆ ಇನ್ನೊಂದು ಕೇವಲ ಎದುರಾಳಿಯಾಗಿ ಉಳಿಯಲಿಲ್ಲ, ಗಣರಾಜ್ಯವನ್ನೇ ಮುಗಿಸುವ ಶಕ್ತಿಯಾಗಿ ಕಾಣತೊಡಗಿತು. ಮುಂದಿನ ಪ್ರತಿಯೊಂದು ತೀರ್ಮಾನದ ತೂಕವನ್ನು ಅಳೆಯುವಾಗ ಈ ಭಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಸಮಸ್ಯೆ

1800ರ ಡಿಸೆಂಬರ್ 3ರಂದು ಚುನಾಯಕರು ತಮ್ಮ ತಮ್ಮ ರಾಜ್ಯಗಳಲ್ಲಿ ಸೇರಿ ಮತ ಹಾಕಿದರು. ಒಟ್ಟು 138 ಚುನಾಯಕರಲ್ಲಿ ಜೆಫರ್ಸನ್‌ಗೆ 73, ಅವರ ಜತೆಗಾರರಾಗಿ ಉಪಾಧ್ಯಕ್ಷ ಪದವಿಗೆಂದು ನಿಂತಿದ್ದ ನ್ಯೂಯಾರ್ಕಿನ ಬರ್ ಅವರಿಗೂ 73 ಮತಗಳು ಬಂದವು. ಆಡಮ್ಸ್ ಅವರಿಗೆ 65, ಅವರ ಜತೆಗಾರ ಪಿಂಕ್ನಿಗೆ 64. ಫೆಡರಲಿಸ್ಟರು ಜಾಗರೂಕರಾಗಿದ್ದರು; ರೋಡ್ ಐಲೆಂಡಿನ ಒಬ್ಬ ಚುನಾಯಕ ತನ್ನ ಎರಡನೆಯ ಮತವನ್ನು ಜಾನ್ ಜೇ ಅವರಿಗೆ ಹಾಕಿದ್ದರಿಂದ ಆ ಬಣದಲ್ಲಿ ಮತಗಳು ಸಮವಾಗಲಿಲ್ಲ. ರಿಪಬ್ಲಿಕನ್ನರಲ್ಲಿ ಅಂಥ ಒಂದು ಮತವನ್ನು ಬೇರೆಡೆ ಹಾಕುವವರು ಒಬ್ಬರೂ ಸಿಗಲಿಲ್ಲ.

ಏಕೆ ಸಿಗಲಿಲ್ಲ ಎಂಬುದು ಈ ಪ್ರಕರಣದ ಬಹು ಮುಖ್ಯ ಅಂಶವೆಂದು ನಾನು ಭಾವಿಸುತ್ತೇನೆ. 1796ರಲ್ಲಿ ವರ್ಜೀನಿಯದ ಚುನಾಯಕರು ಬರ್ ಅವರನ್ನು ಕೈಬಿಟ್ಟಿದ್ದರು. ಅಲ್ಲಿಂದ ಅವರಿಗೆ ಬಂದದ್ದು ಒಂದೇ ಮತ. ಆ ಅವಮಾನವನ್ನು ಬರ್ ಮರೆತಿರಲಿಲ್ಲ. 1800ರ ವಸಂತದಲ್ಲಿ ನ್ಯೂಯಾರ್ಕ್ ನಗರವನ್ನು ರಿಪಬ್ಲಿಕನ್ನರಿಗೆ ಗೆದ್ದುಕೊಟ್ಟವರು ಅವರೇ, ಹಾಗಾಗಿ ಈ ಸಲ ದಕ್ಷಿಣದವರು ಮಾತು ಉಳಿಸಿಕೊಳ್ಳಲೇಬೇಕಾಗಿತ್ತು. ಅವರು ಎಷ್ಟು ನಿಷ್ಠೆಯಿಂದ ಉಳಿಸಿಕೊಂಡರೆಂದರೆ, ಆ ನಿಷ್ಠೆಯೇ ಬಿಕ್ಕಟ್ಟನ್ನು ಹುಟ್ಟಿಸಿತು. ಶಿಸ್ತಿಲ್ಲದ ಪಕ್ಷವಾಗಿದ್ದರೆ ಒಂದೆರಡು ಮತ ತಾನಾಗಿ ಸೋರಿಹೋಗಿ ಜೆಫರ್ಸನ್ ಡಿಸೆಂಬರಿನಲ್ಲೇ ಗೆದ್ದಿರುತ್ತಿದ್ದರು.

ಈ ಅಂಕಿಗಳ ಹಿಂದೆ ಇನ್ನೊಂದು ಅಂಕಿಯಿದೆ, ಅದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಗುಲಾಮರಾಗಿದ್ದವರಿಗೆ ಮತವಿರಲಿಲ್ಲ, ಆದರೆ ರಾಜ್ಯದ ಪ್ರಾತಿನಿಧ್ಯವನ್ನು ಲೆಕ್ಕ ಹಾಕುವಾಗ ಅವರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ಸೇರಿಸಲಾಗುತ್ತಿತ್ತು, ಅದರಿಂದ ದಕ್ಷಿಣದ ರಾಜ್ಯಗಳಿಗೆ ಹೆಚ್ಚು ಚುನಾಯಕರು ಸಿಗುತ್ತಿದ್ದರು. ಆ ಹೆಚ್ಚುವರಿ ಮತಗಳಿಲ್ಲದಿದ್ದರೆ ಆಡಮ್ಸ್ ಗೆಲ್ಲುತ್ತಿದ್ದರೆಂದು ಅನೇಕ ಇತಿಹಾಸಕಾರರು ಎಣಿಸಿ ತೋರಿಸಿದ್ದಾರೆ. ಜನರ ತೀರ್ಪನ್ನು ಗೌರವಿಸಬೇಕೆಂದು ಆ ಚಳಿಗಾಲದಲ್ಲಿ ಎರಡೂ ಕಡೆಯವರು ಆಡಿದ ಮಾತುಗಳಲ್ಲಿ, ಯಾರ ದೇಹಗಳನ್ನು ಎಣಿಸಿ ಆ ತೀರ್ಪು ರೂಪುಗೊಂಡಿತೋ ಅವರ ಪ್ರಸ್ತಾಪ ಕಾಣುವುದಿಲ್ಲ.

ತೀರ್ಮಾನ ಈಗ ಪ್ರತಿನಿಧಿ ಸಭೆಯ ಕೈಗೆ ಬಂತು. ಆ ಸಭೆ ಹೊಸದಾಗಿ ಗೆದ್ದ ಸಭೆಯಲ್ಲ, ಅವಧಿ ಮುಗಿಯುತ್ತಿದ್ದ ಹಳೆಯ ಸಭೆ. ಅಲ್ಲಿ ಸದಸ್ಯರ ಸಂಖ್ಯೆಯಲ್ಲಿ ಫೆಡರಲಿಸ್ಟರೇ ಹೆಚ್ಚಿದ್ದರು. ಸೋತವರು ಗೆದ್ದವರಲ್ಲಿ ಯಾರು ಅಧ್ಯಕ್ಷರೆಂದು ಆರಿಸಬೇಕಾದ ಪರಿಸ್ಥಿತಿ ಅದು. ಒಟ್ಟು 16 ರಾಜ್ಯಗಳು. ಗೆಲ್ಲಲು 9 ಬೇಕು. ರಿಪಬ್ಲಿಕನ್ನರ ಹಿಡಿತದಲ್ಲಿ 8, ಫೆಡರಲಿಸ್ಟರ ಹಿಡಿತದಲ್ಲಿ 6. ವರ್ಮಾಂಟಿನ ಇಬ್ಬರು ಸದಸ್ಯರು ಒಬ್ಬೊಬ್ಬರು ಒಂದೊಂದು ಕಡೆ. ಮೇರಿಲೆಂಡಿನ ಎಂಟು ಮಂದಿ ನಾಲ್ಕು ನಾಲ್ಕಾಗಿ ಒಡೆದಿದ್ದರು. ಆಡಮ್ಸ್ ಅವರ ಅವಧಿ ಮಾರ್ಚ್ 4ಕ್ಕೆ ಮುಗಿಯುತ್ತಿತ್ತು. ಅಷ್ಟರಲ್ಲಿ ಆಯ್ಕೆಯಾಗದಿದ್ದರೆ ಅಧಿಕಾರ ಯಾರದೆಂಬುದಕ್ಕೆ ಸಂವಿಧಾನದಲ್ಲಿ ಸ್ಪಷ್ಟ ಉತ್ತರವಿರಲಿಲ್ಲ.

ಏನೇನು ಪ್ರಯತ್ನಿಸಿದರು

ಫೆಡರಲಿಸ್ಟರ ಮುಂದೆ ಮೂರು ದಾರಿಗಳಿದ್ದವು. ಜೆಫರ್ಸನ್ ಅವರನ್ನು ಒಪ್ಪಿಕೊಳ್ಳುವುದು ಒಂದು. ಬರ್ ಅವರನ್ನು ಗೆಲ್ಲಿಸಿ, ತಮ್ಮ ಋಣದಲ್ಲಿರುವ ಅಧ್ಯಕ್ಷರನ್ನು ಪಡೆಯುವುದು ಇನ್ನೊಂದು. ಆಯ್ಕೆಯನ್ನೇ ಮಾರ್ಚ್ 4ರಾಚೆಗೆ ತಳ್ಳಿ, ಕಾನೂನು ಮಾಡಿ ಸೆನೆಟ್ಟಿನ ತಾತ್ಕಾಲಿಕ ಅಧ್ಯಕ್ಷರನ್ನೋ ಬೇರೊಬ್ಬ ಅಧಿಕಾರಿಯನ್ನೋ ಕೂರಿಸುವುದು ಮೂರನೆಯದು. ಮೂರನೆಯ ದಾರಿಯ ಮಾತು ಹೊರಗೆ ಬಂದ ಕೂಡಲೇ ಪೆನ್ಸಿಲ್ವೇನಿಯ ಮತ್ತು ವರ್ಜೀನಿಯದ ರಿಪಬ್ಲಿಕನ್ ಗವರ್ನರುಗಳು ತಮ್ಮ ನಾಗರಿಕ ಸೇನೆಗಳನ್ನು ಸಿದ್ಧವಾಗಿಡುವ ಯೋಚನೆಗೆ ತೊಡಗಿದರು. ಅಂಥ ಕಾನೂನು ಬಂದರೆ ಮಧ್ಯದ ರಾಜ್ಯಗಳು ಆಯುಧ ಹಿಡಿಯುತ್ತವೆ, ಒಂದು ದಿನವೂ ಅದಕ್ಕೆ ತಲೆಬಾಗುವುದಿಲ್ಲ ಎಂದು ತಾವು ಎದುರಾಳಿಗಳಿಗೆ ನೇರವಾಗಿ ತಿಳಿಸಿರುವುದಾಗಿ ಜೆಫರ್ಸನ್ ಫೆಬ್ರುವರಿ 15ರ ಪತ್ರದಲ್ಲಿ ಬರೆದರು.

ಬಹುತೇಕ ಫೆಡರಲಿಸ್ಟ್ ಸದಸ್ಯರು ಎರಡನೆಯ ದಾರಿ ಹಿಡಿದರು. ಅವರ ಪಕ್ಷದ ಅತ್ಯಂತ ಪ್ರಭಾವಶಾಲಿ ಚಿಂತಕ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅದನ್ನು ಬಲವಾಗಿ ವಿರೋಧಿಸಿದರು. ಜೆಫರ್ಸನ್ ಅವರ ವಿಚಾರಗಳು ತಪ್ಪಾಗಿದ್ದರೂ ಅವರಲ್ಲಿ ವಿಚಾರಗಳಿವೆ, ಅಧಿಕಾರ ಕೈಗೆ ಬಂದ ಮೇಲೆ ಅವರು ಎಚ್ಚರಿಕೆಯಿಂದ ನಡೆಯುವ ಸ್ವಭಾವದವರು. ಬರ್ ಅವರಲ್ಲಿ ಸ್ವಂತ ಏಳಿಗೆಯ ಹೊರತು ಬೇರೆ ಗುರಿಯೇ ಇಲ್ಲ ಎಂಬುದು ಅವರ ವಾದ. ಡೆಲವೇರ್ ಸದಸ್ಯರಿಗೂ ಅವರು ಜನವರಿಯಲ್ಲಿ ದೀರ್ಘವಾದ ಪತ್ರ ಬರೆದರು. ಆ ಪತ್ರವೇ ಸದಸ್ಯರ ಮನಸ್ಸನ್ನು ತಿರುಗಿಸಿತೆಂದು ಹಲವರು ಹೇಳುತ್ತಾರೆ, ಆದರೆ ಮತಗಳ ದಾಖಲೆ ಅದನ್ನು ಬೆಂಬಲಿಸುವುದಿಲ್ಲ. ಪತ್ರ ಬಂದು ವಾರಗಳಾದ ಮೇಲೂ, ಮೂವತ್ತೈದು ಸುತ್ತುಗಳಲ್ಲಿ ಅವರು ಬರ್ ಪರವಾಗಿಯೇ ಮತ ಹಾಕಿದರು.

ಫೆಬ್ರುವರಿ 11ರ ಬುಧವಾರ ನಗರದಲ್ಲಿ ಹಿಮ ಬೀಳುತ್ತಿತ್ತು. ಸರ್ಕಾರ ಹೊಸ ರಾಜಧಾನಿಗೆ ಬಂದು ಕೆಲವೇ ತಿಂಗಳಾಗಿದ್ದವು. ಕ್ಯಾಪಿಟಲ್ ಕಟ್ಟಡದ ಒಂದು ಪಾರ್ಶ್ವ ಮಾತ್ರ ಕಟ್ಟಿ ಮುಗಿದಿತ್ತು. ಉಪಾಧ್ಯಕ್ಷರಾಗಿದ್ದ ಜೆಫರ್ಸನ್ನರೇ ಸೆನೆಟ್ಟಿನ ಪೀಠದಿಂದ ಚುನಾಯಕರ ಮತಪತ್ರಗಳನ್ನು ತೆರೆದು ಫಲಿತಾಂಶ ಸಾರಬೇಕಾಯಿತು. ಅನಂತರ ಪ್ರತಿನಿಧಿ ಸಭೆ, ಆಯ್ಕೆಯಾಗುವವರೆಗೆ ಏಳುವುದಿಲ್ಲವೆಂಬ ನಿಯಮ ಮಾಡಿಕೊಂಡು ಮತದಾನಕ್ಕೆ ಕುಳಿತಿತು. ಮೊದಲ ಸುತ್ತಿನ ಫಲಿತಾಂಶ 8, 6, ಮತ್ತು ಒಡೆದ ರಾಜ್ಯಗಳು 2. ಎರಡನೆಯ ಸುತ್ತಿನದೂ ಅದೇ, ಮಧ್ಯರಾತ್ರಿಯ ಹೊತ್ತಿಗೆ ಹತ್ತೊಂಬತ್ತನೆಯದೂ ಅದೇ. ಮೇರಿಲೆಂಡಿನ ಒಬ್ಬ ರಿಪಬ್ಲಿಕನ್ ಸದಸ್ಯರು ತೀವ್ರ ಜ್ವರದಲ್ಲಿದ್ದರು. ಅವರು ಬಾರದಿದ್ದರೆ ಆ ರಾಜ್ಯ ಬರ್ ಪಾಲಾಗುತ್ತಿತ್ತು. ಅವರನ್ನು ಹಿಮದಲ್ಲಿ ಹೊತ್ತು ತಂದು ಪಕ್ಕದ ಕೋಣೆಯೊಂದರಲ್ಲಿ ಮಲಗಿಸಿದರು. ಹೆಂಡತಿಯ ನೆರವಿನಿಂದ ಅವರು ಪ್ರತಿ ಸುತ್ತಿನಲ್ಲೂ ಚೀಟಿ ಬರೆದುಕೊಟ್ಟರು. ಶನಿವಾರದ ಹೊತ್ತಿಗೆ ಮೂವತ್ತಮೂರು ಸುತ್ತುಗಳಾಗಿದ್ದವು. ಒಂದೂ ರಾಜ್ಯ ಕದಲಿರಲಿಲ್ಲ.

ಈ ದಿನಗಳಲ್ಲಿ ಫೆಡರಲಿಸ್ಟರು ರಿಪಬ್ಲಿಕನ್ ನಿಯೋಗಗಳಿಂದ ಕೆಲವರನ್ನಾದರೂ ಸೆಳೆಯಲು ನೋಡಿದರು, ಯಾರೂ ಬರಲಿಲ್ಲ. ಇದರ ನಡುವೆ ಬರ್ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿದ್ದರು. ತಾನು ಜೆಫರ್ಸನ್ ಅವರೊಂದಿಗೆ ಸ್ಪರ್ಧಿಸುವುದಿಲ್ಲವೆಂದು ಡಿಸೆಂಬರಿನಲ್ಲಿ ಬರೆದಿದ್ದ ಅವರು, ಸಭೆ ಆರಿಸಿದರೂ ಪದವಿಯನ್ನು ನಿರಾಕರಿಸುತ್ತೇನೆಂಬ ಮಾತನ್ನು ಮಾತ್ರ ಎಂದೂ ಹೇಳಲಿಲ್ಲ. ಫೆಡರಲಿಸ್ಟರಿಗೆ ಬೇಕಿದ್ದ ಭರವಸೆಯನ್ನೂ ಕೊಡಲಿಲ್ಲ. ಹೀಗೆ ಸುಮ್ಮನಿದ್ದು ಅವರು ಎರಡೂ ಪಕ್ಷಗಳ ವಿಶ್ವಾಸವನ್ನು ಏಕಕಾಲಕ್ಕೆ ಕಳೆದುಕೊಂಡರು.

ತಿರುವು

ಡೆಲವೇರ್ ಸದಸ್ಯರ ಲೆಕ್ಕಾಚಾರ ಇಲ್ಲಿ ಬದಲಾಯಿತು. ಬರ್ ಗೆಲ್ಲುವುದಿಲ್ಲವೆಂಬುದು ಅವರಿಗೆ ಖಚಿತವಾಯಿತು. ಹಾಗಿದ್ದ ಮೇಲೆ ಉಳಿದಿದ್ದು ಜೆಫರ್ಸನ್, ಇಲ್ಲವೇ ಸರ್ಕಾರವೇ ಇಲ್ಲದ ಸ್ಥಿತಿ. ತಮ್ಮ ಪಕ್ಷದ ಕೆಲವರು ಎರಡನೆಯದಕ್ಕೂ ಸಿದ್ಧರಿದ್ದುದನ್ನು ಅವರು ಕಂಡರು. ಅವರು ಮುಂದೆ ಆಡಮ್ಸ್ ಅವರಿಗೆ ಬರೆದ ಪತ್ರದಲ್ಲಿ ಕೊಟ್ಟ ಕಾರಣ ತತ್ತ್ವದ್ದಷ್ಟೇ ಅಲ್ಲ, ಭೂಗೋಳದ್ದೂ ಹೌದು. ತಮ್ಮನ್ನು ತಾವೇ ಕಾಪಾಡಿಕೊಳ್ಳುವ ಸಾಧನಗಳಿಲ್ಲದ ಅತಿ ಚಿಕ್ಕ ರಾಜ್ಯಕ್ಕೆ ಒಕ್ಕೂಟದ ಸಂವಿಧಾನವೊಂದೇ ಆಸರೆ, ಅದನ್ನು ಪಣಕ್ಕಿಡಲು ತಮಗೆ ಸಾಧ್ಯವಿರಲಿಲ್ಲ ಎಂದು ಅವರು ವಿವರಿಸಿದರು. ಮ್ಯಾಸಚೂಸೆಟ್ಸ್ ಅಥವಾ ಕನೆಕ್ಟಿಕಟ್ ರಾಜ್ಯದ ಸದಸ್ಯರಿಗೆ ಒಕ್ಕೂಟ ಮುರಿದರೂ ನ್ಯೂ ಇಂಗ್ಲೆಂಡ್ ಇತ್ತು. ಡೆಲವೇರ್‌ಗೆ ಏನೂ ಇರಲಿಲ್ಲ.

ಅವರು ಒಮ್ಮೆಲೇ ಬಣ ಬದಲಿಸಲಿಲ್ಲ. ಮೊದಲು ಮೇರಿಲೆಂಡ್ ಮತ್ತು ವರ್ಮಾಂಟಿನ ಫೆಡರಲಿಸ್ಟರೊಂದಿಗೆ ಮಾತಾಡಿ, ಯಾವ ಹೆಜ್ಜೆಯಿಟ್ಟರೂ ಒಟ್ಟಾಗಿ ಇಡುವ ಒಪ್ಪಂದಕ್ಕೆ ಬಂದರು. ಆಮೇಲೆ ರಿಪಬ್ಲಿಕನ್ ಕಡೆಯ ಮೇರಿಲೆಂಡಿನ ಸದಸ್ಯರೊಬ್ಬರ ಮೂಲಕ ಜೆಫರ್ಸನ್ ಅವರ ನಿಲುವನ್ನು ತಿಳಿಯಲು ಯತ್ನಿಸಿದರು. ಸಾರ್ವಜನಿಕ ಸಾಲವನ್ನು ಗೌರವಿಸಲಾಗುವುದೇ, ನೌಕಾಬಲ ಉಳಿಯುವುದೇ, ಕೆಳಹಂತದ ಅಧಿಕಾರಿಗಳನ್ನು ಕೇವಲ ಪಕ್ಷದ ಕಾರಣಕ್ಕೆ ತೆಗೆದುಹಾಕಲಾಗುವುದೇ ಎಂಬುವು ಪ್ರಶ್ನೆಗಳು. ವಿಲ್ಮಿಂಗ್‌ಟನ್ ಬಂದರಿನ ಸುಂಕದ ಅಧಿಕಾರಿಯ ವಿಷಯವನ್ನು ಅವರು ನಿರ್ದಿಷ್ಟವಾಗಿ ಎತ್ತಿದ್ದರು. ಮಧ್ಯವರ್ತಿ ಜೆಫರ್ಸನ್ ಅವರೊಂದಿಗೆ ಮಾತಾಡಿ ಬಂದು ಸಮಾಧಾನಕರ ಉತ್ತರ ತಿಳಿಸಿದರು. ಜೆಫರ್ಸನ್ ತಾವು ಯಾವ ಷರತ್ತಿಗೂ ಒಪ್ಪಲಿಲ್ಲವೆಂದು ಕೊನೆಯವರೆಗೂ ಹೇಳಿದರು. ತಮ್ಮ ಉದ್ದೇಶವನ್ನು ಜೆಫರ್ಸನ್ ಅವರಿಗೆ ಬಿಚ್ಚಿ ಹೇಳಿರಲಿಲ್ಲವೆಂದು ಮಧ್ಯವರ್ತಿಯೂ ಮುಂದೆ ತಿಳಿಸಿದರು. ತಮಗೆ ಭರವಸೆ ಬಂದಿತ್ತೆಂದು ಡೆಲವೇರ್ ಸದಸ್ಯರು 1806ರಲ್ಲಿ ಪ್ರಮಾಣ ಮಾಡಿ ಹೇಳಿಕೆ ಕೊಟ್ಟರು. ಈ ಮೂರು ಹೇಳಿಕೆಗಳೂ ಒಟ್ಟಿಗೆ ನಿಜವಾಗಿರಬಹುದು ಎಂಬುದು ನನ್ನ ಅಭಿಪ್ರಾಯ. ಒಬ್ಬರು ತಮ್ಮ ಸಹಜ ನಿಲುವನ್ನು ಹೇಳಿದರು, ಇನ್ನೊಬ್ಬರು ಅದನ್ನು ಭರವಸೆಯ ಧಾಟಿಯಲ್ಲಿ ತಲುಪಿಸಿದರು, ಮತ್ತೊಬ್ಬರು ಅದನ್ನು ಭರವಸೆಯೆಂದೇ ಸ್ವೀಕರಿಸಿದರು.

ತಾವು ಇನ್ನು ತಡೆಯುವುದಿಲ್ಲವೆಂದು ಡೆಲವೇರ್ ಸದಸ್ಯರು ಪಕ್ಷದ ಗುಪ್ತ ಸಭೆಯಲ್ಲಿ ಹೇಳಿದಾಗ ದ್ರೋಹಿಯೆಂಬ ಕೂಗು ಎದ್ದಿತು. ಆಲ್ಬನಿಯಿಂದ ಬರಬೇಕಿದ್ದ ಪತ್ರಗಳಿಗಾಗಿ ಇನ್ನೂ ಸ್ವಲ್ಪ ಕಾಯುವಂತೆ ಜತೆಗಾರರು ಕೇಳಿಕೊಂಡರು, ಅವರು ಕಾದರು. ಪತ್ರಗಳು ಬಂದವು, ಅವುಗಳಲ್ಲಿ ಆಸೆ ಇಟ್ಟುಕೊಳ್ಳುವಂಥದ್ದು ಏನೂ ಇರಲಿಲ್ಲ.

ಫೆಬ್ರುವರಿ 17ರ ಮಂಗಳವಾರ ಮೂವತ್ತಾರನೆಯ ಸುತ್ತು ನಡೆಯಿತು. ವರ್ಮಾಂಟಿನ ಫೆಡರಲಿಸ್ಟ್ ಸದಸ್ಯರು ಸಭೆಗೆ ಬರಲಿಲ್ಲ. ಹಾಗಾಗಿ, ರಾಜದ್ರೋಹ ಕಾಯ್ದೆಯಡಿ ಜೈಲು ಕಂಡಿದ್ದ ಅವರ ಜತೆ ಸದಸ್ಯರೊಬ್ಬರ ಮತದಿಂದಲೇ ಆ ರಾಜ್ಯ ಜೆಫರ್ಸನ್ ಪಾಲಾಯಿತು. ಮೇರಿಲೆಂಡಿನ ನಾಲ್ವರು ಫೆಡರಲಿಸ್ಟರು ಖಾಲಿ ಚೀಟಿ ಹಾಕಿದರು, ಅಲ್ಲಿಯ ಮತವೂ ಜೆಫರ್ಸನ್‌ಗೆ ಹೋಯಿತು. ಡೆಲವೇರ್ ಮತ್ತು ದಕ್ಷಿಣ ಕ್ಯಾರೊಲಿನ ಖಾಲಿ ಚೀಟಿ ಹಾಕಿದವು. ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್, ಕನೆಕ್ಟಿಕಟ್ ಕೊನೆಯವರೆಗೂ ಬರ್ ಕಡೆಯೇ ಉಳಿದವು. ಅಂತಿಮ ಎಣಿಕೆ: ಜೆಫರ್ಸನ್ 10, ಬರ್ 4, ಖಾಲಿ 2.

ಪರಿಣಾಮ

ಮಾರ್ಚ್ 4ರಂದು ಜೆಫರ್ಸನ್ ತಾವು ಉಳಿದುಕೊಂಡಿದ್ದ ವಸತಿಗೃಹದಿಂದ ಕ್ಯಾಪಿಟಲ್‌ಗೆ ನಡೆದುಹೋಗಿ, ಆಡಮ್ಸ್ ಆಗಷ್ಟೇ ನೇಮಿಸಿದ್ದ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅವರಿಂದ ಪ್ರಮಾಣವಚನ ಸ್ವೀಕರಿಸಿದರು. ಆಡಮ್ಸ್ ಅದೇ ದಿನ ನಸುಕಿನಲ್ಲಿ ನಗರ ಬಿಟ್ಟಿದ್ದರು. ಪ್ರಮಾಣವಚನದ ಭಾಷಣದಲ್ಲಿ ಜೆಫರ್ಸನ್ ನಾವೆಲ್ಲರೂ ರಿಪಬ್ಲಿಕನ್ನರು, ನಾವೆಲ್ಲರೂ ಫೆಡರಲಿಸ್ಟರು ಎಂದರು. ರಾಷ್ಟ್ರೀಯ ಬ್ಯಾಂಕು ಮುಂದುವರಿಯಿತು, ಸಾಲದ ಮರುಪಾವತಿ ನಿಲ್ಲಲಿಲ್ಲ, ನೌಕಾಬಲ ಕುಗ್ಗಿದರೂ ಉಳಿಯಿತು. ವಿಲ್ಮಿಂಗ್‌ಟನ್ನಿನ ಸುಂಕದ ಅಧಿಕಾರಿ ಎರಡು ದಶಕಗಳಿಗೂ ಹೆಚ್ಚು ಕಾಲ ಅದೇ ಹುದ್ದೆಯಲ್ಲಿದ್ದರು. ಫೆಡರಲಿಸ್ಟರಾದರೋ, ಮತದಾನದ ಬಿಕ್ಕಟ್ಟು ನಡೆದಿದ್ದ ಫೆಬ್ರುವರಿ 13ರಂದೇ ನ್ಯಾಯಾಂಗ ಕಾಯ್ದೆಯನ್ನು ಜಾರಿಗೊಳಿಸಿ ಹೊಸ ಸಂಚಾರಿ ನ್ಯಾಯಾಧೀಶರ ಹುದ್ದೆಗಳಲ್ಲಿ ತಮ್ಮವರನ್ನು ಕೂರಿಸಿದರು. 1802ರಲ್ಲಿ ಹೊಸ ಕಾಂಗ್ರೆಸ್ಸು ಅದನ್ನು ರದ್ದುಮಾಡಿತು. ಜಗಳ ನಿಂತಿರಲಿಲ್ಲ, ಆದರೆ ಅದು ಈಗ ಶಾಸನ ಮತ್ತು ನ್ಯಾಯಾಲಯಗಳೊಳಗೆ ನಡೆಯುತ್ತಿತ್ತು.

ಈ ಪ್ರಕರಣದಿಂದ ಕಾಣುವುದು

ಮೊದಲನೆಯದಾಗಿ, ಬಿಕ್ಕಟ್ಟನ್ನು ಬಿಡಿಸಿದ ಸುತ್ತಿನಲ್ಲಿ ನಿಲುವು ಸಡಿಲಿಸಿದ ಫೆಡರಲಿಸ್ಟರಲ್ಲಿ ಒಬ್ಬರೂ ಜೆಫರ್ಸನ್ ಅವರಿಗೆ ಮತ ಹಾಕಲಿಲ್ಲ. ಒಬ್ಬರು ಗೈರುಹಾಜರಾದರು, ಉಳಿದವರು ಖಾಲಿ ಚೀಟಿ ಹಾಕಿದರು. ಜಿದ್ದಿಗೆ ಬಿದ್ದವರಿಗೆ ತಮ್ಮ ಮಾತನ್ನು ನುಂಗದೆ ಹಿಂದೆ ಸರಿಯಲು ದಾರಿ ಬೇಕಾಗುತ್ತದೆ. ಗುಪ್ತ ಚೀಟಿ ಮತ್ತು ಗೈರುಹಾಜರಿಗೆ ಅವಕಾಶವಿದ್ದ ನಿಯಮ ಆ ದಾರಿಯನ್ನು ಅವರಿಗೆ ಒದಗಿಸಿತು. ಪ್ರತಿಯೊಬ್ಬರೂ ಎದ್ದು ನಿಂತು ಹೆಸರು ಹೇಳಬೇಕಾಗಿದ್ದರೆ ಮೂವತ್ತಾರನೆಯ ಸುತ್ತು ಬಹುಶಃ ಮೂವತ್ತೈದನೆಯದರಂತೆಯೇ ಮುಗಿಯುತ್ತಿತ್ತು.

ಎರಡನೆಯದು, ಭರವಸೆಯ ವಿಷಯದಲ್ಲಿ ಉಳಿದ ಅಸ್ಪಷ್ಟತೆ. ಅದನ್ನು ರಾಜಕೀಯ ಚೌಕಾಸಿಯೆಂದು ಕಟುವಾಗಿ ಟೀಕಿಸುವವರಿದ್ದಾರೆ, ಅವರ ಆಕ್ಷೇಪದಲ್ಲಿ ಹುರುಳೂ ಇದೆ. ಆದರೆ ಆ ವಾರದಲ್ಲಿ ಡೆಲವೇರ್ ಸದಸ್ಯರ ಎದುರಿಗಿದ್ದ ನಿಜವಾದ ಪ್ರಶ್ನೆ, ಸೋತವರು ಮಾರ್ಚ್ 4ರ ನಂತರವೂ ಈ ದೇಶದಲ್ಲಿ ನಿಶ್ಚಿಂತೆಯಿಂದ ಬದುಕಬಹುದೇ ಎಂಬುದಾಗಿತ್ತು. ಮೂರು ವರ್ಷ ಹಿಂದೆ ತಮ್ಮ ಪಕ್ಷವೇ ಎದುರಾಳಿಗಳನ್ನು ಜೈಲಿಗೆ ಕಳಿಸಿದ್ದನ್ನು ಕಂಡವರಿಗೆ ಅದು ಕಾಲ್ಪನಿಕ ಭಯವಾಗಿರಲಿಲ್ಲ. ಅಧಿಕಾರಿಗಳ ಹುದ್ದೆ, ಸಾಲ, ಹಡಗುಗಳ ಕುರಿತ ಆ ಪ್ರಶ್ನೆಗಳೆಲ್ಲ ಇದೇ ಆತಂಕದಿಂದ ಹುಟ್ಟಿದ್ದವೆಂದು ನಾನು ಓದುತ್ತೇನೆ.

ನಿಯಮದ ಬಿರುಕನ್ನು ಮುಂದಿನ ಚುನಾವಣೆಗೆ ಮುಂಚೆಯೇ ಮುಚ್ಚಿದರೆಂಬುದೂ ಗಮನಾರ್ಹ. ಅಧ್ಯಕ್ಷರಿಗೂ ಉಪಾಧ್ಯಕ್ಷರಿಗೂ ಚುನಾಯಕರು ಬೇರೆ ಬೇರೆಯಾಗಿ ಮತ ಹಾಕಬೇಕೆಂಬ ಹನ್ನೆರಡನೆಯ ತಿದ್ದುಪಡಿಯನ್ನು ಕಾಂಗ್ರೆಸ್ಸು 1803ರ ಡಿಸೆಂಬರಿನಲ್ಲಿ ಅಂಗೀಕರಿಸಿತು. 1804ರ ಜೂನ್ ಹೊತ್ತಿಗೆ ಸಾಕಷ್ಟು ರಾಜ್ಯಗಳು ಅದನ್ನು ಅನುಮೋದಿಸಿದವು. ಪಕ್ಷಗಳಿವೆ ಎಂಬ ಸತ್ಯವನ್ನು ಸಂವಿಧಾನ ಹೀಗೆ, ಪಕ್ಷವೆಂಬ ಪದವನ್ನು ಬಳಸದೆಯೇ ಒಪ್ಪಿಕೊಂಡಿತು. ಆದರೆ ಯಾರಿಗೂ ಬಹುಮತ ಬಾರದಿದ್ದರೆ ಒಂದು ರಾಜ್ಯಕ್ಕೆ ಒಂದು ಮತದಂತೆ ಪ್ರತಿನಿಧಿ ಸಭೆಯೇ ಆರಿಸಬೇಕೆಂಬ ಭಾಗ ಹಾಗೆಯೇ ಉಳಿಯಿತು. ಐದರಲ್ಲಿ ಮೂರು ಪಾಲಿನ ಲೆಕ್ಕವನ್ನೂ ಈ ತಿದ್ದುಪಡಿ ಮುಟ್ಟಲಿಲ್ಲ.

ಡೆಲವೇರ್ ಸದಸ್ಯರ ಇನ್ನೊಂದು ತೀರ್ಮಾನ ಹೆಚ್ಚು ಪ್ರಸಿದ್ಧವಲ್ಲ, ಆದರೆ ನನ್ನ ಎಣಿಕೆಯಲ್ಲಿ ಅದು ಖಾಲಿ ಚೀಟಿಯಷ್ಟೇ ಮಹತ್ವದ್ದು. ಮತದಾನ ಮುಗಿದ ಕೂಡಲೇ, ಅಧಿಕಾರ ಬಿಡುತ್ತಿದ್ದ ಆಡಮ್ಸ್ ಈ ಸದಸ್ಯರನ್ನು ಫ್ರಾನ್ಸಿಗೆ ರಾಯಭಾರಿಯಾಗಿ ನೇಮಿಸಿದರು. ಹೊಸ ಅಧ್ಯಕ್ಷರ ಒಪ್ಪಿಗೆಯಿಲ್ಲದೆ ಆ ಹುದ್ದೆಯಲ್ಲಿ ಮುಂದುವರಿಯುವುದು ಸಾಧ್ಯವಿರಲಿಲ್ಲ, ಮತ್ತು ಅದನ್ನು ಒಪ್ಪಿದರೆ ತಮ್ಮ ನಡೆಗೆ ಸಿಕ್ಕ ಪ್ರತಿಫಲವೆಂದು ಜನ ತಿಳಿಯುತ್ತಾರೆಂಬುದನ್ನು ಕಂಡು ಅವರು ಅದನ್ನು ನಿರಾಕರಿಸಿದರು.

ಇದೇ ವಿಧಾನದಲ್ಲಿ ಪ್ರತಿನಿಧಿ ಸಭೆ ಅಧ್ಯಕ್ಷರನ್ನು ಮತ್ತೆ ಆರಿಸಬೇಕಾಗಿ ಬಂದದ್ದು 1825ರ ಫೆಬ್ರುವರಿಯಲ್ಲಿ. ಚುನಾಯಕರ ಮತಗಳಲ್ಲಿ ಆಂಡ್ರೂ ಜಾಕ್ಸನ್‌ಗೆ 99, ಜಾನ್ ಆಡಮ್ಸ್ ಅವರ ಮಗ ಜಾನ್ ಕ್ವಿನ್ಸಿ ಆಡಮ್ಸ್‌ಗೆ 84 ಬಂದಿದ್ದವು. ಬಹುಮತ ಯಾರಿಗೂ ಇರಲಿಲ್ಲ. ಸಭಾಧ್ಯಕ್ಷ ಹೆನ್ರಿ ಕ್ಲೇ ಅವರ ಬೆಂಬಲದಿಂದ ಆಡಮ್ಸ್ ಮೊದಲ ಸುತ್ತಿನಲ್ಲೇ 24 ರಾಜ್ಯಗಳಲ್ಲಿ 13ನ್ನು ಪಡೆದು ಗೆದ್ದರು, ಮತ್ತು ಆ ಹೊಸ ಸರ್ಕಾರದಲ್ಲಿ ಕ್ಲೇ ವಿದೇಶಾಂಗ ಕಾರ್ಯದರ್ಶಿಯ ಹುದ್ದೆ ಒಪ್ಪಿಕೊಂಡರು. ಭ್ರಷ್ಟ ಒಪ್ಪಂದವೆಂಬ ಆಪಾದನೆ ಅವರನ್ನು ಜೀವನದುದ್ದಕ್ಕೂ ಬಿಡಲಿಲ್ಲ; ಜಾಕ್ಸನ್ ಬಣ ಅದನ್ನೇ ಮುಂದಿಟ್ಟುಕೊಂಡು ನಾಲ್ಕು ವರ್ಷ ಪ್ರಚಾರ ನಡೆಸಿ, 1828ರ ಚುನಾವಣೆಯಲ್ಲಿ ಆಡಮ್ಸ್ ಅವರನ್ನು ಸೋಲಿಸಿತು.